ಮೆಡಿಕಲ್ ಶಾಪ್ ಕೆಲಸದ ಟೆನ್ಶನ್‌ಗೆ ಮೈಂಡ್‌ಫುಲ್‌ನೆಸ್ ಉಪಯೋಗಕ್ಕೆ ಬರುತ್ತಾ?

ಕೌಂಟರ್ ಮುಂದೆ ಜನ ಸೇರಿದರೆ ಕೈ ನಡುಗುತ್ತದೆ, ಮನೆಗೆ ಹೋದ ಮೇಲೂ ಕೊಟ್ಟ ಮಾತ್ರೆ ಸರಿಯಿತ್ತಾ ಅನ್ನುವುದೇ ತಲೆಯಲ್ಲಿ ಓಡುತ್ತಿರುತ್ತದೆ, ಇದಕ್ಕೆ ಮೈಂಡ್‌ಫುಲ್‌ನೆಸ್ ಸಹಾಯ ಮಾಡುತ್ತಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಫಾರ್ಮಸಿಸ್ಟ್. ಮಾಡುತ್ತದೆ, ಆದರೆ ಎಲ್ಲದಕ್ಕೂ ಅಲ್ಲ.

ಮೈಂಡ್‌ಫುಲ್‌ನೆಸ್ ಕಲಿಸಲು 1979ರಲ್ಲಿ ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ ಅನ್ನುವವರು ಶುರು ಮಾಡಿದ್ದು 8 ವಾರದ ಕ್ಲಾಸು, ಜೊತೆಗೆ ದಿನಾ ಮನೆಯಲ್ಲಿ ಅಭ್ಯಾಸ. ಬೆಳಿಗ್ಗೆ ಶಟರ್ ಎತ್ತಿ ರಾತ್ರಿ ಎಳೆಯುವ ನಮಗೆ ಅದು ಆಗುವ ಮಾತಲ್ಲ ಬಿಡಿ. ಅದರ ತಿರುಳು ಸಾಕು: ಈಗ ಕೈಯಲ್ಲಿರುವ ಕೆಲಸದ ಮೇಲೆ ಗಮನ, ಅದು ಜಾರಿದರೆ ನಮ್ಮನ್ನೇ ಬೈದುಕೊಳ್ಳದೆ ವಾಪಸ್ ತರುವುದು.

ನಾನು ಇದನ್ನು ಡಾಕ್ಟರ್ ಚೀಟಿಗೆ ಕಟ್ಟಿಹಾಕಿಕೊಂಡಿದ್ದೇನೆ. ಚೀಟಿ ಕೈಗೆ ಬಂದಾಗ ಒಂದು ಸಲ ನಿಧಾನವಾಗಿ ಉಸಿರು ಬಿಟ್ಟು, ಮಾತ್ರೆ ಹೆಸರು ಮತ್ತು ಎಂಜಿ ಮೆಲ್ಲಗೆ ಬಾಯಲ್ಲಿ ಹೇಳಿಕೊಂಡು, ಆಮೇಲೆ ರ್‍ಯಾಕಿಗೆ ಕೈ ಹಾಕುತ್ತೇನೆ. ಶುಗರ್ ಮಾತ್ರೆ ಗ್ಲಿಮೆಪಿರೈಡ್ 1 ಎಂಜಿ, 2 ಎಂಜಿ ಪಕ್ಕಪಕ್ಕದಲ್ಲೇ ಇರುತ್ತವೆ, ಜಾಸ್ತಿಯದು ಹೋದರೆ ಶುಗರ್ ಇಳಿದು ತಲೆ ಸುತ್ತಿ ಬೀಳಬಹುದು. ಹೈಡ್ರಾಕ್ಸಿಜೈನ್ ತುರಿಕೆಗೆ, ಹೈಡ್ರಾಲಜೈನ್ ಬಿಪಿಗೆ. ಅವಸರದ ಕಣ್ಣಿಗೆ ಎರಡೂ ಒಂದೇ ಅಲ್ವಾ? ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಊರಿಗೆ ಊರೇ ತುಂಬಿ, ಓಆರ್‌ಎಸ್ ಕೊಡಿ, ಕಾಲುನೋವಿಗೆ ಕೊಡಿ, ಬಸ್ ಹೊರಡ್ತಿದೆ ಬೇಗ ಅಂತ ಎಲ್ಲರೂ ಒಟ್ಟಿಗೆ ಕೂಗುವಾಗಲೂ ಆ ಒಂದು ಉಸಿರನ್ನು ಬಿಡುವುದಿಲ್ಲ. ಕೆಲವು ಆಂಟಿಬಯೋಟಿಕ್, ನಿದ್ದೆ ಮಾತ್ರೆಯಂಥವನ್ನು ಕೊಟ್ಟಾಗ ಲೆಕ್ಕ ಇಡುವ ಎಚ್1 ರಿಜಿಸ್ಟರ್ ಬರೆಯುವುದೂ ಹಾಗೇ. ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಅಂತ ಹೇಗೂ ಬರೆಯಲೇಬೇಕು, 3 ವರ್ಷ ಇಡಲೇಬೇಕು, ಗೊಣಗುತ್ತಾ ಬರೆಯುವ ಬದಲು ಸುಮ್ನೆ ಬರೆದರೆ ಅಷ್ಟು ಹೊತ್ತು ತಲೆಗೆ ಬಿಡುವು.

ಮನೆಗೆ ಬಂದ ಮೇಲಿನ ಚಿಂತೆಗೆ ಮಾತ್ರ ಹುಷಾರು. ಇಂಥವರಿಗೆ ಇಂಥ ಮಾತ್ರೆ ತಪ್ಪಿರಬಹುದು ಅಂತ ಗುರುತು ಹಿಡಿದು ಹೇಳಲು ಆಗುತ್ತಿದ್ದರೆ ಅದು ಅನುಮಾನ, ಕಣ್ಣು ಮುಚ್ಚಿ ಕೂರಬೇಡಿ, ಬಿಲ್ ನೋಡಿ ಆಗಲೇ ಫೋನ್ ಮಾಡಿ. ಯಾರು, ಯಾವುದು ಅಂತ ಗೊತ್ತಿಲ್ಲದ ಭಯವಾದರೆ, ಬಂತು ನೋಡು ಅಂದುಕೊಂಡು ಊಟದ ಕಡೆ ಗಮನ ತನ್ನಿ. ಮೊದಮೊದಲು ಹತ್ತು ಸಲ ತರಬೇಕಾಗುತ್ತದೆ.

ಇನ್ನು ಔಷಧಿ ತೆಗೆಯುವುದು, ಬಿಲ್ಲು, ಫೋನ್ ಆರ್ಡರು, ಎಕ್ಸ್‌ಪೈರಿ ವಾಪಸಾತಿ ಎಲ್ಲ ನಿಮ್ಮೊಬ್ಬರ ತಲೆಗೇ ಕಟ್ಟಿದ್ದರೆ ಉಸಿರಾಟದಿಂದ ಏನೂ ಆಗುವುದಿಲ್ಲ. ಬಿಲ್ಲಿಂಗಿಗೆ ಇನ್ನೊಬ್ಬರು ಬೇಕು ಅಂತ ಮಾಲೀಕರಿಗೆ ನೇರವಾಗಿ ಹೇಳಿ. ನಿದ್ದೆಯೇ ಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.