ಅಮ್ಮ ಇಲ್ಲದ ಮನೆಯಲ್ಲಿ ಅಪ್ಪನಿಗೆ ಹೂವು ಹಿತವಾದೀತೇ?

ತಾಯಿ ತೀರಿಕೊಂಡ ಮೇಲೆ ತಂದೆ ಮಂಕಾಗಿದ್ದಾರೆ, ದಿನವೂ ಮನೆಯಲ್ಲಿ ಹೂವಿಟ್ಟರೆ ಅವರ ಮನಸ್ಸು ಹಗುರವಾದೀತೇ ಎಂದು ಕೇಳಿದ್ದೀರಿ. ಆದೀತು. ಆದರೆ ಯಾವ ಹೂವೆಂದು ಅವರನ್ನೇ ಕೇಳಿ ತನ್ನಿ.

ಕಂಡದ್ದು, ಕೇಳಿದ್ದು ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆಗೆ ಆ ಸುತ್ತುದಾರಿ ಬೇಕಿಲ್ಲ. ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಅಮಿಗ್ಡಲಾ, ಹಿಪೊಕ್ಯಾಂಪಸ್‌ಗಳನ್ನು ಅದು ಬೇಗ ಮುಟ್ಟುತ್ತದೆ. ಹಾಗಾಗಿಯೇ ಪರಿಮಳ ಬಂದೊಡನೆ ಮೊದಲು ಎದೆ ಹಿಂಡುತ್ತದೆ, ಏಕೆಂಬುದು ಆಮೇಲೆ ಹೊಳೆಯುತ್ತದೆ. ನನ್ನ ಚಿಕ್ಕಪ್ಪನಿಗೆ ಸುಗಂಧರಾಜ ಆಗದು. ಚಿಕ್ಕಮ್ಮನನ್ನು ಕಳುಹಿಸಿಕೊಟ್ಟ ದಿನ ಮೈಮೇಲಿದ್ದುದು ಅದೇ ಹಾರ. ಈಗ ಮದುವೆ ಮನೆಯಲ್ಲಿ ಅದರ ವಾಸನೆ ಬಂದರೆ ಊಟಕ್ಕೂ ನಿಲ್ಲದೆ ಹೊರಟುಬಿಡುತ್ತಾರೆ. ಮಲ್ಲಿಗೆ ಕಂಡರೆ ಮಾತ್ರ ಚಿಕ್ಕಮ್ಮನ ಜಡೆಯ ಮಾತು ತೆಗೆದು, ಎದ್ದು ಹೋಗಲು ಬಿಡುವುದಿಲ್ಲ.

ಸಂಶೋಧನೆಯೂ ಇದೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜೆನೆಟ್ ಹ್ಯಾವಿಲ್ಯಾಂಡ್-ಜೋನ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೂವು ಕೈಗೆ ಬಂದಾಗ ಎಲ್ಲ ಮಹಿಳೆಯರೂ ಕಣ್ಣಂಚಿನವರೆಗೂ ಅರಳುವ ನಿಜವಾದ ನಗು ನಕ್ಕರು. ಹಣ್ಣಿನ ಬುಟ್ಟಿ, ಮೇಣದಬತ್ತಿ ಪಡೆದವರೆಲ್ಲರೂ ಹಾಗೆ ನಗಲಿಲ್ಲ. ಅಧ್ಯಯನಕ್ಕೆ ಅಲ್ಲಿನ ಹೂವಿನ ವ್ಯಾಪಾರಿಗಳ ಸಂಘದ ನೆರವಿತ್ತು ಎಂಬುದನ್ನೂ ಗಮನದಲ್ಲಿಡಿ.

ನನ್ನ ಮಟ್ಟಿಗೆ ಹೇಳುವುದಾದರೆ, ಹೂವನ್ನು ನೋಡುವುದಕ್ಕಿಂತ ಅದರ ಕೆಲಸ ಮಾಡುವುದೇ ಹೆಚ್ಚು ಹಿತ. ನಾನು ಉಡುಪಿ ಕಡೆಯವಳು. ನಮ್ಮ ಶಂಕರಪುರ ಮಲ್ಲಿಗೆಯಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಾಳೆನಾರು ಒದ್ದೆಯಾಗಿರಬೇಕು. ಮೊಗ್ಗುಗಳ ತೊಟ್ಟನ್ನು ಎದುರು ಬದುರಾಗಿ ಜೋಡಿಸಿ, ಸುತ್ತು ಹಾಕಿ ಎಳೆಯಬೇಕು. ಸಡಿಲಾದರೆ ಹೂವು ಜಾರುತ್ತದೆ, ಜಗ್ಗಿದರೆ ತೊಟ್ಟು ತುಂಡಾಗುತ್ತದೆ. ಬೆರಳು ಅದರಲ್ಲೇ ಮುಳುಗಿರುವಾಗ ಹಳೆಯ ಸಂಕಟವನ್ನು ಮೆಲುಕು ಹಾಕಲು ಪುರುಸೊತ್ತಾದರೂ ಎಲ್ಲಿರುತ್ತದೆ? ಗಂಡಸರು ಹೂ ಕಟ್ಟುವುದೇ ಎಂದು ನಿಮ್ಮ ತಂದೆಯವರು ಮೂಗು ಮುರಿದರೆ, ಯಾವುದಾದರೂ ಹೂವಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಹಾರ ಕಟ್ಟುವವರಲ್ಲಿ ಗಂಡಸರು ಬೇಕಾದಷ್ಟಿದ್ದಾರೆ.

ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛಕ್ಕೆ ದುಡ್ಡು ಸುರಿಯಬೇಡಿ. ಅದರಲ್ಲಿ ಹೆಚ್ಚಾಗಿ ಇರುವ ಜರ್ಬೆರಾಕ್ಕೆ ಪರಿಮಳವೇ ಇಲ್ಲ. ಹಾಗೆಂದು ಮುಚ್ಚಿದ ಕೋಣೆಯಲ್ಲಿ ಸಂಪಿಗೆ ರಾಶಿ ಹಾಕಿದರೆ ತಲೆನೋವು ಬರಬಹುದು. ಒಂದೇ ವಾಸನೆಗೆ ಮೂಗು ಬೇಗ ಒಗ್ಗಿಹೋಗುವುದರಿಂದ, ಅವರು ದಿನವಿಡೀ ಕುಳಿತಿರುವಲ್ಲಿ ಇಡುವುದಕ್ಕಿಂತ ಆಗಾಗ ಹಾದುಹೋಗುವ ಕಡೆ ನಾಲ್ಕು ಹೂವಿಟ್ಟರೆ ಸಾಕು.

ಊಟ, ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬರುತ್ತಿದ್ದರೆ ಹೂವಿನ ವಿಚಾರ ಪಕ್ಕಕ್ಕಿಟ್ಟು ಇಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಅಷ್ಟಿಲ್ಲದಿದ್ದರೆ ಒಂದು ಮಲ್ಲಿಗೆ ಗಿಡ ತಂದು ಅದರ ಉಸ್ತುವಾರಿ ಅವರಿಗೇ ಬಿಡಿ. ನೀವು ನೀರು ಹಾಕಲು ಹೋಗಬೇಡಿ. ಕುಂಡವನ್ನು ಚೆನ್ನಾಗಿ ಬಿಸಿಲು ಬೀಳುವ ಕಡೆಯೇ ಇಡಬೇಕು, ನೆರಳಿನಲ್ಲಿ ಎಲೆ ಹುಲುಸಾಗಿ ಬರುತ್ತದೆಯೇ ಹೊರತು ಮೊಗ್ಗು ಅಷ್ಟಾಗಿ ಬರುವುದಿಲ್ಲ.