ಪೈಪ್ ಇನ್ನೂ ಬೇಕಾ ಅಂತ ದಿನಾ ಕೇಳಿ

ತೀರ್ಥಹಳ್ಳಿಯಲ್ಲಿ ಅಂಗಳದ ಪಾಚಿ ಮೇಲೆ ಜಾರಿಬಿದ್ದ ಅಮ್ಮನಿಗೆ ಶಿವಮೊಗ್ಗದಲ್ಲಿ ಸೊಂಟದ ಆಪರೇಷನ್ ಆಗಿದೆ, ಮೂತ್ರದ ಪೈಪ್ ಇನ್ನೂ ಇದೆ, ಸೋಂಕು ಆಗದಿರಲು ಮೊದಲೇ ಆಂಟಿಬಯೋಟಿಕ್ ಕೊಡಿಸಲಾ ಅಂತ ಕೇಳಿದ್ದೀರಿ.

ಪೈಪ್ ಇದೆ ಅನ್ನೋ ಒಂದೇ ಕಾರಣಕ್ಕೆ ಬೇಡ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಪೈಪನ್ನು ಬೇಗ ತೆಗೆಸುವುದೇ ನಿಜವಾದ ಉಪಾಯ. ಅದು ಒಳಗಿರುವ ಒಂದೊಂದು ದಿನಕ್ಕೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಾಧ್ಯತೆ ಸುಮಾರು ಶೇಕಡಾ 3ರಿಂದ 7. ರೌಂಡ್ಸಿಗೆ ಬಂದ ಡಾಕ್ಟರನ್ನು ದಿನಾ ಕೇಳಿ, "ಇವತ್ತು ತೆಗೆಯಬಹುದಾ?" ನಮ್ಮ ಕಡೆಯವರು ಡಾಕ್ಟರ ಮುಂದೆ ಬಾಯಿ ಬಿಡೋದೇ ಕಡಿಮೆ. ಇಲ್ಲಿ ಸಂಕೋಚ ಬೇಡ.

ಪೈಪಿನಿಂದ ಮೂತ್ರ ತುಂಬುವ ಚೀಲ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಸ್ಟ್ರೆಚರಿನಲ್ಲಿ ಒಯ್ಯುವಾಗ ಅದನ್ನು ಹೊಟ್ಟೆ ಮೇಲೆ ಇಟ್ಟುಬಿಡುವುದುಂಟು. ಆಗ ಮೂತ್ರ ವಾಪಸ್ ಒಳಗೆ ಹರಿಯಬಹುದು. ಅಲ್ಲೇ ತಡೆದು ಕೆಳಗೆ ನೇತುಹಾಕಿಸಿ. ಪೈಪ್ ಮಡಚದಿರಲಿ, ಜೋಡಣೆ ಬಿಚ್ಚಬೇಡಿ. ಚೀಲ ಖಾಲಿ ಮಾಡುವ ಮುಂಚೆಯೂ ಆಮೇಲೂ ಕೈ ತೊಳೆಯಲೇಬೇಕು. ಪಕ್ಕದ ಬೆಡ್ಡಿನವರ ಮಗ್ ಬಳಸಬೇಡಿ. ಪೈಪ್ ಒಳಗೆ ಹೋಗುವ ಜಾಗವನ್ನು ದಿನಾ ಸೋಪು, ನೀರಿನಲ್ಲಿ ತೊಳೆದರೆ ಸಾಕು.

ಮೂತ್ರ ಬರೀ ಮಬ್ಬಾಗಿದ್ದರೆ ಗಾಬರಿಯಾಗಬೇಡಿ. ಜ್ವರ, ಚಳಿ ನಡುಕ, ಕೆಳಹೊಟ್ಟೆ ನೋವು ಬಂದರೆ, ಅಥವಾ ಅಮ್ಮ ಇದ್ದಕ್ಕಿದ್ದಂತೆ ಏನೇನೋ ಮಾತಾಡತೊಡಗಿದರೆ ತಕ್ಷಣ ನರ್ಸಿಗೆ ಹೇಳಿ.