ಹೊಸ ಮನೆಯ ಮಹಡಿ, ರಾತ್ರಿ ಒಂದೂವರೆಗೆ ಎಚ್ಚರ

(ಗುರುತು ಹತ್ತಬಾರದೆಂದು ವಯಸ್ಸು, ಊರು, ಮನೆಮಂದಿಯ ವಿವರಗಳನ್ನು ಬದಲಿಸಲಾಗಿದೆ.)

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮೂಡು ದಿಕ್ಕಿನ ಒಂದು ಹಳ್ಳಿಯ ಗೃಹಿಣಿ, 49 ವರ್ಷ. ಗಂಡನಿಗೆ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ, ಮಗ ದುಬೈಯಲ್ಲಿ. ಹಂಚಿನ ಹಳೆಮನೆಯ ಬದಿಯಲ್ಲೇ ತಾರಸಿ ಮನೆ ಕಟ್ಟಿ ಮೂರು ವರ್ಷವಾಯಿತು. ಹಳೆಮನೆ ಈಗ ಅಡಿಕೆ ತುಂಬಿಡುವ ಜಾಗ. ನಿದ್ದೆಯ ಸಲಹೆಗೆ ನಮ್ಮಲ್ಲಿಗೆ ಬಂದದ್ದು ಮಾರ್ಚ್ ಕೊನೆಗೆ. "ಅಲ್ಲಿ ಚಾಪೆಯಲ್ಲಿ ಬಿದ್ದುಕೊಂಡರೂ ಬೆಳಗ್ಗೆಯೇ ಎಚ್ಚರ. ಇಲ್ಲಿ ಒಂದೂವರೆಗೆ ಕಣ್ಣು ಬಿಟ್ಟರೆ ಮತ್ತೆ ಇಲ್ಲ ಮೇಡಂ. ಈ ಮನೆಗೆ ಎಂತದೋ ಉಂಟು" ಎಂಬುದು ಅವರ ಮಾತು. ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸಿಯೂ ಆಗಿತ್ತು. ತಲೆ ತೆಂಕು ದಿಕ್ಕಿಗೆ ಬರಲಿ ಎಂದು ಮಂಚ ತಿರುಗಿಸಿದ್ದರು.

ವಾರಕ್ಕೆ ಕನಿಷ್ಠ ಮೂರು ರಾತ್ರಿ, ಕನಿಷ್ಠ ಮೂರು ತಿಂಗಳು ಹೀಗೆ ನಡೆದರೆ ಅದು ದೀರ್ಘಕಾಲದ ನಿದ್ರಾಹೀನತೆಯ ಲೆಕ್ಕಕ್ಕೆ ಬರುತ್ತದೆ. ಕೋಣೆಯ ಮಾತೆತ್ತುವ ಮೊದಲು ದೇಹದ ಕಡೆಯಿಂದ ಕೇಳಬೇಕಾದದ್ದನ್ನು ಕೇಳಿದೆವು. ಗೊರಕೆ, ಉಸಿರು ಕಟ್ಟಿ ಏಳುವುದು ಇಲ್ಲ. ಕಾಲಿನಲ್ಲಿ ಇರುವೆ ಹರಿದಂತಾಗುವುದು ಇಲ್ಲ. ಬೆವರುತ್ತಾ ಏಳುವುದು ಮಾತ್ರ ಹೌದು. ಈ ವಯಸ್ಸಿನಲ್ಲಿ ಆ ಬೆವರನ್ನು ಕೋಣೆಯ ತಲೆಗೇ ಕಟ್ಟುವಂತಿಲ್ಲ. ಮುಟ್ಟು ನಿಲ್ಲುವ ಕಾಲದ ಬಿಸಿ ಎದೆಯಿಂದ ಮುಖಕ್ಕೆ ಒಮ್ಮೆಲೇ ಏರುತ್ತದೆ, ಕೆಲವು ನಿಮಿಷದಲ್ಲಿ ಇಳಿಯುತ್ತದೆ, ಹಗಲಿನಲ್ಲೂ ಬರುತ್ತದೆ. ಇವರಿಗೆ ಹಗಲು ತಿಂಗಳಿಗೆ ಎರಡು ಮೂರು ಸಲ ಹಾಗಾಗುತ್ತಿತ್ತು. ರಾತ್ರಿಯ ಬೆವರು ಕುತ್ತಿಗೆ, ಬೆನ್ನಿನಲ್ಲಿ ಗಂಟೆಗಟ್ಟಲೆ ಜಿನುಗುತ್ತಿತ್ತು. ಥೈರಾಯ್ಡ್ ಪರೀಕ್ಷೆಗೂ ಈ ಬಿಸಿಯ ವಿಚಾರಕ್ಕೂ ಸ್ತ್ರೀರೋಗ ವೈದ್ಯರಲ್ಲಿಗೆ ಕಳುಹಿಸಿ, ಜೊತೆಜೊತೆಗೆ ಕೋಣೆಯ ಕೆಲಸ ಶುರುಮಾಡಿದೆವು.

ಎರಡು ವಾರ ನಿದ್ದೆಯ ದಿನಚರಿ ಬರೆಯಲು ಹೇಳಿದೆವು. ಕೈಯಲ್ಲಿದ್ದ ಅಚ್ಚಿನ ನಮೂನೆ ಮಲಯಾಳದ್ದು. ಓದಲು ಬರುತ್ತದೆ, ಬರೆಯುವಾಗ ಕೈ ತಡವರಿಸುತ್ತದೆ ಎಂದರು. ನೋಟುಪುಸ್ತಕದಲ್ಲಿ ಕನ್ನಡದಲ್ಲೇ ಆರು ಕಲಂ ಗೀಟು ಹಾಕಿ ಕೊಟ್ಟೆವು: ಮಲಗಿದ್ದು, ಅಂದಾಜು ನಿದ್ದೆ ಹತ್ತಿದ್ದು, ನಡುವೆ ಎದ್ದದ್ದು, ಕೊನೆಗೆ ಎಚ್ಚರಾದದ್ದು, ಹಾಸಿಗೆ ಬಿಟ್ಟದ್ದು, ಹಗಲು ಮಲಗಿದ್ದು. ಬೆಳಗ್ಗೆ ಚಹಾ ಕುಡಿಯುವಾಗ ನೆನಪಿನಿಂದ ಬರೆದರೆ ಸಾಕು, ರಾತ್ರಿ ಗಡಿಯಾರ ನೋಡಬಾರದು. ಜೊತೆಗೆ ಉಷ್ಣತೆ ಮತ್ತು ತೇವಾಂಶ ತೋರಿಸುವ ಪುಟ್ಟ ಡಿಜಿಟಲ್ ಮಾಪಕ ಎರಡು, ಒಂದು ದಿಂಬಿನ ಬದಿಗೆ, ಇನ್ನೊಂದು ಹೊರಗೆ ಮಾಡಿನ ಇಳಿಜಾರಿನ ಅಡಿಗೆ.

ದಿನಚರಿಯ ಪ್ರಕಾರ ಒಂಬತ್ತೂವರೆಯಿಂದ ಐದರವರೆಗೆ ಏಳೂವರೆ ಗಂಟೆ ಹಾಸಿಗೆಯಲ್ಲಿ, ನಿದ್ದೆ ಸುಮಾರು ನಾಲ್ಕೂವರೆ. ಅಂದರೆ ಶೇಕಡಾ 60. ಆರೋಗ್ಯವಂತರಲ್ಲಿ ಇದು 85ರ ಮೇಲಿರಬೇಕು. ಮಾಪಕ ಹೇಳಿದ್ದು ಇನ್ನೂ ಸ್ಪಷ್ಟ: ರಾತ್ರಿ ಹತ್ತಕ್ಕೆ ಒಳಗೆ 32 ಡಿಗ್ರಿ, ಹೊರಗೆ ಇಪ್ಪತ್ತೇಳೂವರೆ. ಒಂದೂವರೆಗೆ ಒಳಗೆ ಇನ್ನೂ ಮೂವತ್ತೂವರೆ, ತೇವಾಂಶ 80.

ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಅಂಗೈ ಅಂಗಾಲಿನ ರಕ್ತನಾಳಗಳು ಹಿಗ್ಗಿ ಶಾಖವನ್ನು ಹೊರಗೆ ಬಿಡುತ್ತವೆ. ಸುತ್ತಲ ಗಾಳಿಯೇ ಬಿಸಿ, ಅದರಲ್ಲಿ ನೀರಿನಂಶವೂ ತುಂಬಿಕೊಂಡಿದ್ದರೆ ಬೆವರು ಆರುವುದಿಲ್ಲ, ಶಾಖ ಹೊರಡುವುದಿಲ್ಲ. ತಾರಸಿಯ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯಿಡೀ ಕೆಳಗೆ ಸುರಿಯುತ್ತದೆ. ಹಳೆಮನೆಯ ಹಂಚು ತೆಳು, ಸಂಜೆಯಾದ ಕೂಡಲೇ ಆರುತ್ತಿತ್ತು, ಸಂದಿನಿಂದ ಬಿಸಿಗಾಳಿ ಮೇಲೆ ಹೋಗುತ್ತಿತ್ತು. ಹಾಗಾಗಿ ಈ ಮನೆಗೆ ಎಂತದೋ ಇದ್ದದ್ದು ನಿಜವೇ. ಅದು ಅವರ ತಲೆಯ ಮೇಲೆಯೇ ಇತ್ತು. ವಿದೇಶಿ ಪುಸ್ತಕಗಳು ಹೇಳುವ ಹದಿನೆಂಟು ಇಪ್ಪತ್ತು ಡಿಗ್ರಿಯ ಮಲಗುವ ಕೋಣೆ ನಮ್ಮ ಕರಾವಳಿಗೆ ಆಗಿಬರುವ ಮಾತಲ್ಲ. ಒಳಗಿನ ಉಷ್ಣತೆ ಹೊರಗಿನದರ ಹತ್ತಿರಕ್ಕೆ ಬಂದು, ಮೈಮೇಲೆ ಗಾಳಿ ಹರಿದರೆ ಇಲ್ಲಿ ಧಾರಾಳ ಸಾಕು.

ಕೋಣೆ ಮಹಡಿಯಲ್ಲಿ, ಹತ್ತು ಅಡಿಗೆ ಹನ್ನೆರಡು ಅಡಿಯದ್ದು. ಪಡುವಣ ಗೋಡೆಗೆ ಸಂಜೆ ಆರರವರೆಗೂ ಬಿಸಿಲು. ತಲೆ ತೆಂಕಿಗೆ ಹಾಕುವ ಭರದಲ್ಲಿ ಮಂಚ ಅದೇ ಗೋಡೆಗೆ ಒತ್ತಿಕೊಂಡಿತ್ತು; ಗೋಡೆ ಬದಿಗೆ ಮಲಗುತ್ತಿದ್ದವರು ಇವರೇ. ಫ್ಯಾನಿನ ಗಾಳಿ ಗಂಡನ ತನಕ ಬಂದು ನಿಲ್ಲುತ್ತಿತ್ತು. ಬಡಗು ಕಿಟಕಿಗೆ ಅಡ್ಡವಾಗಿ ಬಟ್ಟೆಯ ಕಪಾಟು. ನಂಬಿಕೆಯೊಂದಿಗೆ ನಾವು ಜಗಳಕ್ಕೆ ಹೋಗಲಿಲ್ಲ, ಹೋಗಬಾರದು ಕೂಡ. ಮೂಡಕ್ಕೆ ತಲೆ ಹಾಕಿದರೂ ಶಾಸ್ತ್ರಕ್ಕೆ ಅಡ್ಡಿಯಿಲ್ಲ. ಮಂಚ ಮೂಡು ಗೋಡೆಗೆ ಬಂತು. ಅದು ಬೆಳಗ್ಗಿನ ಬಿಸಿಲು ಮಾತ್ರ ಕಾಣುವ ಗೋಡೆ, ರಾತ್ರಿಗೆ ತಣ್ಣಗಿರುತ್ತದೆ. ಗೋಡೆಯಿಂದ ಒಂದಡಿ ಬಿಟ್ಟು ಎಳೆದದ್ದರಿಂದ ಸೊಂಟದಿಂದ ಎದೆಯವರೆಗೆ ಫ್ಯಾನಿನ ರೆಕ್ಕೆಯ ಅಡಿಗೆ ಬಂತು. ಬಟ್ಟೆ ತುಂಬಿದ ಕಪಾಟನ್ನು ಪಡುವಣ ಗೋಡೆಗೆ ಸರಿಸಿದಾಗ ಬಿಸಿಗೋಡೆಗೆ ಅದೇ ಮರೆಯಾಯಿತು, ಬಡಗು ಕಿಟಕಿಯೂ ತೆರೆಯಿತು. ಖರ್ಚಾದದ್ದು ಇಬ್ಬರು ಕೆಲಸದವರ ಅರ್ಧ ಗಂಟೆ.

ಫ್ಯಾನು ಐದರಲ್ಲಿಟ್ಟರೂ ಮೆಲ್ಲ ತಿರುಗುತ್ತಿತ್ತು. ಹೊಸ ಫ್ಯಾನು ತರುತ್ತೇವೆಂದು ಹೊರಟವರನ್ನು ತಡೆದು ಕೆಪಾಸಿಟರ್ ಬದಲಿಸಲು ಹೇಳಿದೆವು. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್‌ನದ್ದು, ಹಳೆಯದರ ಮೇಲೆ ಬರೆದ ಅಂಕೆಯನ್ನೇ ತರಬೇಕು, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಬೇಕು. ವರ್ಷ ಕಳೆದಂತೆ ಅದರ ಶಕ್ತಿ ಇಳಿದಾಗ ಫ್ಯಾನು ಸೋಲುತ್ತದೆ. ರೆಕ್ಕೆಯ ಅಂಚಿಗೆ ಕಟ್ಟಿದ ಧೂಳೂ ಗಾಳಿ ತಿನ್ನುತ್ತದೆ. ಮಹಡಿಯ ಫ್ಯಾನಿಗೆ ಇನ್ವರ್ಟರ್ ಲೈನು ಕೊಟ್ಟಿರಲಿಲ್ಲ, ಅದನ್ನೂ ಎಳೆಸಿದರು. ಕರೆಂಟು ಹೋದಾಗ ಶೆಕೆಗಿಂತ ಮೊದಲು ಎಬ್ಬಿಸುವುದು ಒಮ್ಮೆಲೇ ನಿಂತ ಆ ಗುಂಯ್ ಶಬ್ದ.

ಇನ್ನು ಹಾಸಿಗೆ. ಫೋಮಿನದ್ದು, ಅಂಗಡಿಯಿಂದ ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಮೂರು ವರ್ಷದ ನಂತರವೂ ಹಾಗೆಯೇ. ಅದರ ಮೇಲೆ ಪಾಲಿಯೆಸ್ಟರ್ ಹೊದಿಕೆ, ನಾಲ್ಕು ಮೂಲೆಗೂ ಚಂದಕ್ಕೆ ಸಿಕ್ಕಿಸಿದ್ದು. ಹಾಳಾಗಬಾರದಲ್ಲ ಎಂದರು. ಬೆವರು ಎಲ್ಲಿಗೂ ಇಳಿಯಲಾರದೆ ಬೆನ್ನಿಗೇ ಅಂಟುತ್ತಿದ್ದುದು ಇದರಿಂದ. ಪ್ಲಾಸ್ಟಿಕ್ ಹರಿದು ತೆಗೆದು, ಹಾಸಿಗೆಯನ್ನು ಒಂದು ದಿನ ನೆರಳಿನ ಗಾಳಿಗೆ ನಿಲ್ಲಿಸಿ, ಮೇಲೆ ಓಲೆಚಾಪೆ, ಅದರ ಮೇಲೆ ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆ. ಇಡೀ ಸಲಹೆಯಲ್ಲಿ ಅವರು ಒಂದೂ ಪ್ರಶ್ನೆ ಕೇಳದೆ ಒಪ್ಪಿದ್ದು ಇದೊಂದನ್ನೇ.

ತಾರಸಿಗೆ ಸುಣ್ಣದ ಎರಡು ಕೋಟು ಬಳಿಯುವುದು ಸುಲಭದ ದಾರಿ, ಬಿಳುಪು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಆದರೆ ಅಲ್ಲಿ ಅಡಿಕೆ ಒಣಗುತ್ತಿತ್ತು. ಸುಣ್ಣ ಅಡಿಕೆಗೆ ಹತ್ತಿದರೆ ಧಾರಣೆ ಹೋಯಿತು ಎಂದು ಗಂಡ ಒಪ್ಪಲಿಲ್ಲ. ಅವರ ಮಾತಿನಲ್ಲೂ ಹುರುಳಿತ್ತು. ಕೋಣೆಯ ನೇರ ಮೇಲಿನ ಭಾಗಕ್ಕೆ ಮಾತ್ರ ತೆಂಗಿನ ಮಡಲು ಎರಡು ಸಾಲು ಅಡ್ಡ ಹಾಸಿದರು. ಮಳೆಗೆ ಮೊದಲು ತೆಗೆಯಲೇಬೇಕು, ಇಲ್ಲವಾದರೆ ನೀರು ಹೋಗುವ ಕಂಡಿ ಕಟ್ಟಿ ತಾರಸಿ ಸೋರುತ್ತದೆ. ಒಣ ಮಡಲಿಗೆ ಕಿಡಿ ತಾಗದಂತೆಯೂ ನೋಡಬೇಕು. ಸಂಜೆ ನೀರು ಹೊಯ್ಯುವ ರೂಢಿಯನ್ನು ನಾವು ಹೇಳುವುದಿಲ್ಲ: ಬಿರುಕು ಇದ್ದರೆ ಕೆಳಗಿಳಿಯುತ್ತದೆ, ಬೇಸಗೆಯಲ್ಲಿ ಬಾವಿಗೂ ಭಾರ.

ಕಿಟಕಿಗಳಿಗೆ ವೆಲ್ಕ್ರೋ ಅಂಟಿಸಿದ ಜಾಲರಿ. ಸೊಳ್ಳೆ ಮುತ್ತುವ ಮುಸ್ಸಂಜೆಯಲ್ಲಿ ಕಿಟಕಿ ಹಾಕಿ, ಎಂಟರ ನಂತರ ಕೋಣೆಯ ದೀಪ ಆರಿಸಿ ಬಡಗು, ಪಡುವಣ ಎರಡು ಕಿಟಕಿಯನ್ನೂ ತೆರೆಯುವುದು. ಮಲಗುವ ಮೊದಲು ಒಂದು ಗಂಟೆ ಪಡುವಣ ಕಿಟಕಿಗೆ ಮುಖಮಾಡಿ ಮೇಜಿನ ಫ್ಯಾನು ಇಡಬೇಕು, ಗಾಳಿ ಹೊರಗೆ ಹೋಗುವಂತೆ. ಬಡಗಿನಿಂದ ತಂಪು ತಾನಾಗಿ ಬರುತ್ತದೆ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಧೂಳು ಕಟ್ಟಿ ಅದೂ ಗೋಡೆಯೇ. ಎಸಿ ಹಾಕಿಸುವುದೇ ಎಂದು ಕೇಳಿದ್ದರು. ಮೇಲೆ ಕಾದ ಕಾಂಕ್ರೀಟು ಹಾಗೆಯೇ ಇದ್ದರೆ ಅದು ರಾತ್ರಿಯಿಡೀ ಕರೆಂಟು ತಿನ್ನುತ್ತದೆ. ಮೊದಲು ಇಷ್ಟು ಮಾಡಿ, ಆಮೇಲೂ ಬೇಕೆಂದರೆ 26ರಲ್ಲಿಟ್ಟು ಫ್ಯಾನು ಸೇರಿಸಿ ಎಂದೆವು.

ಬೆಳಕಿನ ವಿಚಾರ ಬೇಗ ಮುಗಿಯಿತು. ಹಂದಿಗೂ ಅಡಿಕೆ ಕಳ್ಳರಿಗೂ ಹೆದರಿ ಅಂಗಳದಲ್ಲಿ ಉರಿಯುತ್ತಿದ್ದ ಎಲ್‌ಇಡಿ ನೇರ ಕಿಟಕಿಗೆ ಹೊಡೆಯುತ್ತಿತ್ತು. ಅದರ ಮೂತಿ ನೆಲಕ್ಕೆ ತಿರುಗಿಸಿ ತಗಡಿನ ಮರೆ ಕೊಡಿಸಿದೆವು. ನೀಲಿ ಜೀರೋ ಬಲ್ಬು ತೆಗೆದು, ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಕೆಂಪು ಸಣ್ಣದೊಂದು. ನೀಲಿ ಬೆಳಕು ನಿದ್ದೆ ತರುವ ಮೆಲಟೋನಿನ್ನನ್ನು ಹೆಚ್ಚು ಅಡಗಿಸುತ್ತದೆ.

ಇಷ್ಟಾಗಿ ಮೂರನೇ ವಾರಕ್ಕೆ ಒಂದೂವರೆಗೆ ಒಳಗಿನ ಉಷ್ಣತೆ 28ಕ್ಕೆ ಇಳಿಯಿತು. ಬೆವರು ನಿಂತಿತು. ಎಚ್ಚರ ಮಾತ್ರ ಪೂರ್ತಿ ಬಿಡಲಿಲ್ಲ. ಕೋಣೆ ಸರಿಯಾದರೆ ಎಲ್ಲ ಸರಿಯಾಯಿತು ಎಂದು ಬರೆಯುವವರು ಮುಟ್ಟದೆ ಬಿಡುವ ಜಾಗ ಇದು. ಮೂರು ವರ್ಷ ಆ ಮಂಚದ ಮೇಲೆ ಎಚ್ಚರವಾಗಿ ಹೊರಳಿದ ಮೈಗೆ ಮಂಚ ಕಂಡರೇ ಎಚ್ಚರದ ನೆನಪು. ಮೇಲಾಗಿ ಮಗನ ವೀಡಿಯೋ ಕರೆ ಬರುತ್ತಿದ್ದುದು ಅದೇ ಹಾಸಿಗೆಗೆ. ಅಲ್ಲಿ ಒಂಬತ್ತಾದಾಗ ಇಲ್ಲಿ ಹತ್ತೂವರೆ. ಕೆಲಸದ ಚಿಂತೆ, ವೀಸಾದ ಚಿಂತೆ ಎಲ್ಲ ದಿಂಬಿನ ಮೇಲೆಯೇ ಇಳಿಯುತ್ತಿತ್ತು.

ಕರೆಯನ್ನು ಎಂಟೂವರೆಗೆ, ಚಾವಡಿಯ ಕುರ್ಚಿಗೆ ತಂದೆವು. ಗೋಡೆಯ ಗಡಿಯಾರ ಕೆಳಗೆ ಹೋಯಿತು. ಎಚ್ಚರಾಗಿ ಅಂದಾಜು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬಂದು ಮಂದ ಬೆಳಕಿನಲ್ಲಿ ಬತ್ತಿ ಹೊಸೆಯುವುದು, ತೂಕಡಿಕೆ ಬಂದ ಮೇಲೆ ಮಾತ್ರ ಮಂಚಕ್ಕೆ. ಬತ್ತಿ ಹೊಸೆಯುವುದಕ್ಕೆ ಹೆಚ್ಚು ಬೆಳಕೂ ಬೇಡ, ಬುದ್ಧಿಯೂ ಬೇಡ, ಕೈ ತಾನೇ ನಡೆಯುತ್ತದೆ. ಮೊಬೈಲು ಇದಕ್ಕೆ ಆಗದು. ಮಲಗುವ ಹೊತ್ತು ಹನ್ನೊಂದರಿಂದ ಐದು ಮಾತ್ರ. ದಿನಚರಿಯಲ್ಲಿ ನಿದ್ದೆ ನಾಲ್ಕೂವರೆ ಗಂಟೆ ಎಂದಿದ್ದರೂ ಅಷ್ಟಕ್ಕೆ ಇಳಿಸಲಿಲ್ಲ, ಬೆಳಗ್ಗೆ ದನ ಕರೆಯುವವರು ಅವರು. ಹಗಲಿನ ಒಂದೂವರೆ ಗಂಟೆಯ ನಿದ್ದೆ, ಮಧ್ಯಾಹ್ನ ಮೂರರೊಳಗೆ ಮುಗಿಯುವ ಇಪ್ಪತ್ತು ನಿಮಿಷಕ್ಕೆ ಬಂತು. ಫಿಟ್ಸ್ ಇರುವವರಿಗೆ, ಮನಸ್ಸು ಅತಿ ಹಿಗ್ಗು, ಅತಿ ಕುಗ್ಗಿನ ನಡುವೆ ಹೊಯ್ದಾಡುವ ಬೈಪೋಲಾರ್ ಕಾಯಿಲೆ ಇರುವವರಿಗೆ, ವಾಹನ ಓಡಿಸುವ ಕೆಲಸದವರಿಗೆ ಹೀಗೆ ಹೊತ್ತು ಕಡಿತ ಮಾಡುವುದು ವೈದ್ಯರ ಕಣ್ಣಿನಡಿ ಮಾತ್ರ. ಊಟದ ನಂತರದ ಎಲೆಅಡಿಕೆಯಲ್ಲಿ ಹೊಗೆಸೊಪ್ಪು ಬೇಡವೆಂದೆವು, ನಿಕೋಟಿನ್ ಎಚ್ಚರಿಸುವ ವಸ್ತು. ಬೆಚ್ಚಗಿನ ನೀರಿನ ಸ್ನಾನ ಮಲಗುವ ಒಂದೂವರೆ ಗಂಟೆ ಮೊದಲು. ಚರ್ಮಕ್ಕೆ ರಕ್ತ ಹರಿದು ಆಮೇಲೆ ಮೈ ತಾನಾಗಿ ತಣಿಯುತ್ತದೆ.

ಮೊದಲ ವಾರ ಹಗಲು ತೂಕಡಿಸಿ ಸಿಟ್ಟಾದರು, ಅದನ್ನು ಮುಂಚೆಯೇ ಹೇಳಿಟ್ಟಿದ್ದೆವು. ಆರನೇ ವಾರಕ್ಕೆ ಆರು ಗಂಟೆಯಲ್ಲಿ ಐದೂ ಕಾಲು ಗಂಟೆ ನಿದ್ದೆ, ಶೇಕಡಾ ಎಂಬತ್ತೇಳೂವರೆ. ಅಲ್ಲಿಂದ ಮಲಗುವ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ತಂದೆವು.

ಆಟಿ ತಿಂಗಳ ಮಳೆಗಾಲದಲ್ಲಿ ಮತ್ತೆ ಬಂದರು. ಈಗ ಶೆಕೆಯಲ್ಲ, ಮುಗ್ಗು ವಾಸನೆ. ಮಹಡಿಯ ಫ್ಯಾನಿನಡಿ ಇಡೀ ಮನೆಯ ಒದ್ದೆ ಬಟ್ಟೆ ನೇತಾಡುತ್ತಿತ್ತು. ಅದರ ನೀರೆಲ್ಲ ಕೋಣೆಯ ಗಾಳಿಗೇ ಸೇರುವುದು. ಬಟ್ಟೆಯ ಹಗ್ಗ ಹಳೆಮನೆಯ ಜಗಲಿಗೆ ಹೋಯಿತು. ಮಂಚದ ಪ್ಲೈವುಡ್ ಹಲಗೆಗೆ ಆರಿಂಚಿಗೊಂದರಂತೆ ಒಂದಿಂಚು ಅಗಲದ ತೂತು ಕೊರೆಸಿ, ದಿನಾ ಬೆಳಗ್ಗೆ ಹಾಸಿಗೆಯನ್ನು ಒಂದು ಗಂಟೆ ಅಂಚಿನ ಮೇಲೆ ನಿಲ್ಲಿಸಿ ಫ್ಯಾನು ಹಾಕಲು ಹೇಳಿದೆವು. ಕಿಟಕಿ ಮುಚ್ಚಿ ಕಾಯಿಲ್ ಉರಿಸುವುದನ್ನು ನಿಲ್ಲಿಸಿ ಸೊಳ್ಳೆಪರದೆಗೆ ಬಂದರು. ಪರದೆ ಗಾಳಿಯನ್ನು ಸ್ವಲ್ಪ ತಡೆಯುತ್ತದಾದ್ದರಿಂದ ಮೇಜಿನ ಫ್ಯಾನು ಕಾಲಿನ ಬದಿಯಿಂದ. ಥೈರಾಯ್ಡ್ ವರದಿ ಸರಿಯಿತ್ತು. ನೆರೆಮನೆಯವರು ಕೊಟ್ಟ ನಿದ್ದೆ ಮಾತ್ರೆಯನ್ನು ಎಂಟು ತಿಂಗಳಿನಿಂದ ಅರ್ಧರ್ಧ ನುಂಗುತ್ತಿದ್ದ ಸಂಗತಿ ಹೊರಬಿದ್ದದ್ದೂ ಆ ದಿನವೇ. ಒಮ್ಮೆಲೇ ಬಿಟ್ಟರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ನಡುಕವೂ ಬರಬಹುದು. ಮಾತ್ರೆಯ ಚೀಟಿಯೊಂದಿಗೆ ಮನೋವೈದ್ಯರಲ್ಲಿಗೆ ಕಳುಹಿಸಿದೆವು. ಅವರು ಹಂತಹಂತವಾಗಿ ಇಳಿಸುತ್ತಿದ್ದಾರೆ, ನೋಟುಪುಸ್ತಕದಲ್ಲಿ ಈಗ ಏಳನೆಯ ಕಲಂ ಮಾತ್ರೆಯದ್ದು.